ಫೋರ್ ವೀಲ್ ಡ್ರೈವ್ ದೀಪ ಮತ್ತೆ ಮತ್ತೆ ಉರಿಯುತ್ತಿದೆಯೇ? ಗಾಡಿ ಮಾಲೀಕರು ಪದೇ ಪದೇ ಕೇಳುವ ಪ್ರಶ್ನೆಗಳು

ಮುಂಗಾರು ಹಿಡಿದರೆ ಸಾಕು, ನಮ್ಮ ಶೆಡ್ಡಿನ ಮುಂದೆ ಕೆಸರು ಮೆತ್ತಿದ ಎಸ್‌ಯುವಿಗಳು ಸಾಲಾಗಿ ನಿಲ್ಲುತ್ತವೆ. ಚನ್ನಗಿರಿ, ಹೊಳಲ್ಕೆರೆ ಕಡೆಯ ಅಡಿಕೆ ತೋಟಗಳಿಂದ, ಭದ್ರಾ ನಾಲೆಯ ಗದ್ದೆ ಬಯಲಿನಿಂದ, ಎರೆಹೊಲಗಳ ದಾರಿಯಿಂದ ಬಂದ ಗಾಡಿಗಳು. ವಾರದಲ್ಲಿ ಆರು ದಿನ ಮಕ್ಕಳನ್ನು ಶಾಲೆಗೆ ಬಿಟ್ಟು, ಏಳನೆಯ ದಿನ ಹಿರಿಯರನ್ನು ಊರಿಗೆ ಕರೆದೊಯ್ಯುವ ಗಾಡಿಗಳೇ ಹೆಚ್ಚು. ದೂರು ಮಾತ್ರ ಒಂದೇ: "ಫೋರ್ ವೀಲ್ ದೀಪ ಮತ್ತೆ ಬಂತು." ದಾವಣಗೆರೆಯಲ್ಲಿ ಗಾಡಿಗಳ ವೈರಿಂಗ್ ಕೆಲಸಕ್ಕೆ ಕೈಹಾಕಿ ಇಪ್ಪತ್ತು ವರ್ಷ ದಾಟಿತು. ಆ "ಮತ್ತೆ" ಎಂಬ ಮಾತು ಈಗಲೂ ನನ್ನನ್ನು ಕಾಡುತ್ತದೆ. ಮತ್ತೆ ಬಂದ ದೋಷವೆಂದರೆ ಹಿಂದಿನ ಸಲ ಯಾರೂ ಕಂಡುಹಿಡಿಯದೆ ಬಿಟ್ಟ ದೋಷ. ಕೌಂಟರಿನಲ್ಲಿ ನಿಂತು ದಿನವೂ ಹೇಳುವುದನ್ನೇ ಇಲ್ಲಿ ಬರೆದಿದ್ದೇನೆ.

ದೀಪ ಎರಡು ದಿನ ಉರಿದು ತಾನಾಗಿಯೇ ಆರಿತು. ಸರಿಹೋಯಿತು ಎಂದುಕೊಳ್ಳಬಹುದೇ?

ಇಲ್ಲ. ಫೋರ್ ವೀಲ್ ಡ್ರೈವ್ ಎಂದರೆ ನಾಲ್ಕೂ ಚಕ್ರಗಳಿಗೆ ಎಂಜಿನ್ನಿನ ಬಲ ಕೊಡುವ ವ್ಯವಸ್ಥೆ. ಅದನ್ನು ನೋಡಿಕೊಳ್ಳುವ ಕಂಪ್ಯೂಟರ್ ಪ್ರತಿ ಸಲ ಗಾಡಿ ಸ್ಟಾರ್ಟ್ ಆದಾಗ ತನ್ನ ಕೈಕೆಳಗಿನ ಮೋಟಾರು, ಸೆನ್ಸರುಗಳನ್ನು ಪರೀಕ್ಷಿಸಿಕೊಳ್ಳುತ್ತದೆ. ಒಂದು ದಿನ ಉತ್ತರ ತಪ್ಪಾಗಿ ಬಂದರೆ ದೀಪ ಹಚ್ಚುತ್ತದೆ. ಮುಂದೆ ಕೆಲವು ಸಲ ಸರಿಯಾದ ಉತ್ತರ ಸಿಕ್ಕರೆ ಆರಿಸುತ್ತದೆ. ಆದರೆ ಆ ದೋಷಕ್ಕೆ ಗುರುತಾಗಿ ಅದು ಬರೆದಿಟ್ಟ ಕೋಡ್ ಸಾಮಾನ್ಯವಾಗಿ ನೆನಪಿನಲ್ಲಿ ಉಳಿದಿರುತ್ತದೆ. ದಯವಿಟ್ಟು ಅದನ್ನು ಯಾರಿಂದಲೂ ಅಳಿಸಿಕೊಳ್ಳಬೇಡಿ. ಅಳಿಸಿದ ಕೂಡಲೇ ದೀಪ ಹೋಗುತ್ತದೆ ನಿಜ, ಅದರ ಜೊತೆಗೆ ದೋಷ ಯಾವ ವೇಗದಲ್ಲಿ, ಎಷ್ಟು ವೋಲ್ಟೇಜ್ ಇದ್ದಾಗ ಬಂತು ಎಂಬ ಸುಳಿವೂ ಹೋಗುತ್ತದೆ.

ಒಂದು ವಿಷಯ ಗಮನಿಸಿ. ಬಹಳಷ್ಟು ಗಾಡಿಗಳಲ್ಲಿ ದೀಪ ಮಿಣುಕುತ್ತಿದ್ದರೆ ಫೋರ್ ವೀಲಿಗೆ ಹೋಗುವ ಅಥವಾ ಅದರಿಂದ ಬರುವ ಬದಲಾವಣೆ ಇನ್ನೂ ಮುಗಿದಿಲ್ಲ ಎಂದರ್ಥ. ಒಂದೇ ಸಮನೆ ಉರಿಯುವ ಎಚ್ಚರಿಕೆ ದೀಪದ ಅರ್ಥವೇ ಬೇರೆ. ನಿಮ್ಮ ಗಾಡಿಯಲ್ಲಿ ಯಾವುದಕ್ಕೆ ಯಾವ ಅರ್ಥ ಎಂಬುದು ಮುಂದಿನ ಡ್ರಾಯರಿನಲ್ಲಿರುವ ಕೈಪಿಡಿಯಲ್ಲಿದೆ.

ನನ್ನ ಗಾಡಿಯಲ್ಲಿರುವುದು ಯಾವ ಬಗೆಯದು ಎಂದು ತಿಳಿಯುವುದು ಹೇಗೆ?

ಟು ಹೈ (ಎರಡು ಚಕ್ರಕ್ಕೆ ಬಲ), ಫೋರ್ ಹೈ (ನಾಲ್ಕೂ ಚಕ್ರಕ್ಕೆ), ಫೋರ್ ಲೋ (ನಾಲ್ಕೂ ಚಕ್ರಕ್ಕೆ, ನಿಧಾನವಾಗಿ ಹೆಚ್ಚು ಎಳೆತ) ಎಂದು ಆರಿಸಿಕೊಳ್ಳುವ ತಿರುಗುಗುಂಡಿಯೋ ಸಣ್ಣ ಲಿವರೋ ಇದ್ದರೆ ಹೆಚ್ಚಾಗಿ ಅದು ಬೇಕಾದಾಗ ಮಾತ್ರ ಹಾಕಿಕೊಳ್ಳುವ ಬಗೆ. ಗೇರ್‌ಬಾಕ್ಸಿನ ಹಿಂದೆ, ಬಲವನ್ನು ಮುಂದಿನ ಹಿಂದಿನ ಚಕ್ರಗಳಿಗೆ ಹಂಚುವ ಟ್ರಾನ್ಸ್‌ಫರ್ ಕೇಸ್ ಇರುತ್ತದೆ. ಗುಂಡಿ ತಿರುಗಿಸಿದಾಗ ಶಿಫ್ಟ್ ಮೋಟಾರ್ ಎಂಬ ಒಂದು ಪುಟ್ಟ ಮೋಟಾರು ಒಳಗಿನ ಫೋರ್ಕನ್ನು (ಗೇರನ್ನು ತಳ್ಳುವ ಕವಲು) ಸರಿಸಿ ಮುಂದಿನ ಚಕ್ರಗಳಿಗೂ ಎಂಜಿನ್ನಿನ ಬಲ ಕೊಡುತ್ತದೆ. ಇಂಥ ಗುಂಡಿಯೇ ಇಲ್ಲದೆ, ಅಥವಾ ಕೆಸರು, ಮರಳು ಎಂಬ ಆಯ್ಕೆಗಳು ಮಾತ್ರ ಇದ್ದರೆ ಅದು ಸಾಮಾನ್ಯವಾಗಿ ಕಂಪ್ಯೂಟರ್ ತಾನೇ ನಿರ್ಧರಿಸುವ ಬಗೆ. ಅದರಲ್ಲಿ ಎಣ್ಣೆಯಲ್ಲಿ ಮುಳುಗಿದ ಕ್ಲಚ್ ಪ್ಲೇಟುಗಳ ಒಂದು ಜೋಡಣೆ ಇದ್ದು, ಅದು ಬೇಕಾದಷ್ಟೇ ಬಲವನ್ನು ಇನ್ನೊಂದು ಆಕ್ಸಲ್‌ಗೆ (ಚಕ್ರಗಳ ಅಚ್ಚಿಗೆ) ದಾಟಿಸುತ್ತದೆ. ಮೊದಲನೆಯದರಲ್ಲಿ ದೋಷ ಹೆಚ್ಚಾಗಿ ಮೋಟಾರು, ವೈರು, ವ್ಯಾಕ್ಯೂಮ್ (ಗಾಳಿ ಹೀರುವ) ಪೈಪುಗಳಲ್ಲಿರುತ್ತದೆ. ಎರಡನೆಯದರಲ್ಲಿ ಟೈರು, ಚಕ್ರದ ಸೆನ್ಸರು, ಕ್ಲಚ್ಚಿನ ಎಣ್ಣೆಯಲ್ಲಿ.

ಎಂಜಿನ್ ದೀಪವೂ ಜೊತೆಗೇ ಬಂದಿದ್ದರೆ ಮೊದಲು ಎಂಜಿನ್ನಿನ ಕೋಡ್ ಓದಿಸಿ. ಎಂಜಿನ್ನಿನಲ್ಲಿ ತೊಂದರೆ ಕಂಡರೆ ಫೋರ್ ವೀಲ್ ಡ್ರೈವನ್ನೂ ಮುಂಜಾಗ್ರತೆಗಾಗಿ ನಿಲ್ಲಿಸುವ ಗಾಡಿಗಳಿವೆ.

ಹುಡುಕಾಟ ಎಲ್ಲಿಂದ ಶುರುವಾಗಬೇಕು?

ಬ್ಯಾಟರಿಯಿಂದ. "ಗಾಡಿ ಸ್ಟಾರ್ಟ್ ಆಗುತ್ತದಲ್ಲ, ಬ್ಯಾಟರಿ ಚೆನ್ನಾಗಿಯೇ ಇದೆ" ಎಂದು ಎಲ್ಲರೂ ಹೇಳುತ್ತಾರೆ. ಸ್ಟಾರ್ಟ್ ಆಗುವುದು ಬೇರೆ, ಸ್ಟಾರ್ಟ್ ಆಗುವ ಆ ಎರಡು ಕ್ಷಣಗಳಲ್ಲಿ ಕಂಪ್ಯೂಟರುಗಳಿಗೆ ಸಾಕಷ್ಟು ವೋಲ್ಟೇಜ್ ಸಿಗುವುದು ಬೇರೆ.

ರಾತ್ರಿಯಿಡೀ ನಿಂತ ಗಾಡಿಯ ಬ್ಯಾಟರಿಯಲ್ಲಿ ಬೆಳಿಗ್ಗೆ 12.6 ವೋಲ್ಟ್ ಇದ್ದರೆ ಅದು ತುಂಬಿದೆ. 12.2 ಎಂದರೆ ಅರ್ಧ ಖಾಲಿ. ಸ್ಟಾರ್ಟರ್ ತಿರುಗುವಾಗ 9.6ಕ್ಕಿಂತ ಕೆಳಗೆ ಬಿದ್ದರೆ ಆ ಬ್ಯಾಟರಿಯನ್ನು ನಂಬಬೇಡಿ. ಎಂಜಿನ್ ಓಡುವಾಗ 13.8ರಿಂದ 14.5ರ ನಡುವೆ ಇರಬೇಕು; ಹೊಸ ಗಾಡಿಗಳಲ್ಲಿ ಆಲ್ಟರ್ನೇಟರನ್ನು ಕಂಪ್ಯೂಟರ್ ನಿಯಂತ್ರಿಸುವುದರಿಂದ ಸ್ವಲ್ಪ ಏರಿಳಿತ ಸಹಜ. ಮನೆಯಿಂದ ಶಾಲೆಗೆ, ಶಾಲೆಯಿಂದ ಅಂಗಡಿಗೆ ಎಂದು ಪಿ.ಬಿ. ರಸ್ತೆಯ ಆಚೀಚೆ ಎರಡು ಮೂರು ಕಿಲೋಮೀಟರ್ ಓಡುವ ಗಾಡಿಗೆ ಬ್ಯಾಟರಿ ತುಂಬಿಕೊಳ್ಳಲು ಸಮಯವೇ ಸಿಗುವುದಿಲ್ಲ. ಭಾನುವಾರ ನಸುಕಿನಲ್ಲಿ ತೋಟಕ್ಕೆ ಹೊರಟಾಗ ದೀಪ ಬರುವುದಕ್ಕೆ ಇದೇ ಕಾರಣವಾಗಿದ್ದನ್ನು ಎಷ್ಟೋ ಸಲ ನೋಡಿದ್ದೇನೆ.

ಬ್ಯಾಟರಿಯ ನಂತರ ಅರ್ಥ್ ವೈರುಗಳು, ಅಂದರೆ ಕರೆಂಟನ್ನು ಚಾಸಿಯ ಮೂಲಕ ಬ್ಯಾಟರಿಯ ಮೈನಸ್ಸಿಗೆ ಮರಳಿಸುವ ವೈರುಗಳು. ಇದನ್ನು ಮುಂದಿನ ಉತ್ತರದಲ್ಲಿ ಬಿಡಿಸಿ ಹೇಳುತ್ತೇನೆ, ಏಕೆಂದರೆ ಜನರ ಹಣ ಹೆಚ್ಚು ಪೋಲಾಗುವುದು ಇಲ್ಲಿಯೇ.

ಶಿಫ್ಟ್ ಮೋಟಾರ್ ಬದಲಿಸಬೇಕು ಎನ್ನುತ್ತಿದ್ದಾರೆ. ಬದಲಿಸಲೇ?

ಅಳತೆ ಮಾಡದೆ ಬದಲಿಸಬೇಡಿ.

ಚನ್ನಗಿರಿ ಕಡೆಯ ಅಡಿಕೆ ಬೆಳೆಗಾರರೊಬ್ಬರ ಗಾಡಿಯ ಕತೆ ಹೇಳುತ್ತೇನೆ. ತೋಟದ ದಾರಿಗೆ ಇಳಿದು ಫೋರ್ ಹೈ ಹಾಕಿದರೆ ದೀಪ ಮಿಣುಕಿ ಮಿಣುಕಿ ಕೊನೆಗೆ ಎಚ್ಚರಿಕೆ ದೀಪ ಹತ್ತುತ್ತಿತ್ತು. ಊರಿಗೆ ಬರುವಷ್ಟರಲ್ಲಿ ಎಲ್ಲ ಸರಿ. ಮೊದಲ ಸಲ ನನ್ನ ಬಳಿ ಬಂದಾಗ ಕೆಲಸದ ಒತ್ತಡದಲ್ಲಿ ಕೋಡ್ ಅಳಿಸಿ ಕಳುಹಿಸಿದ್ದೆ. ಅದು ನನ್ನ ತಪ್ಪು. ಅವರು ಬೇರೊಂದು ಕಡೆ ಹೋಗಿ ಶಿಫ್ಟ್ ಮೋಟಾರ್ ಬದಲಿಸಿದರು. ಒಂದು ತಿಂಗಳು ಸುಮ್ಮನಿತ್ತು. ಮತ್ತೆ ಬಂತು. ಕಂಟ್ರೋಲರ್, ಅಂದರೆ ಫೋರ್ ವೀಲ್ ಕಂಪ್ಯೂಟರನ್ನೇ, ಬದಲಿಸಿದರು. ಮತ್ತೆ ಬಂತು. ಒಂದು ವರ್ಷದ ನಂತರ, ಬದಲಿಸಿದ ಹಳೆಯ ಬಿಡಿಭಾಗಗಳನ್ನು ಗೋಣಿಚೀಲದಲ್ಲಿ ಹೊತ್ತು ತಂದು ನನ್ನ ಮೇಜಿನ ಮೇಲೆ ಇಟ್ಟರು. ಬೈಯಲಿಲ್ಲ. "ಇವುಗಳಲ್ಲಿ ಕೆಟ್ಟಿದ್ದು ಯಾವುದು ಹೇಳಪ್ಪ" ಎಂದು ಕೇಳಿದರು, ಅಷ್ಟೇ.

ಆ ದಿನ ಬೇರೆ ಕೆಲಸ ಮುಟ್ಟಲಿಲ್ಲ. ಮಲ್ಟಿಮೀಟರಿನ ಒಂದು ತುದಿಯನ್ನು ಬ್ಯಾಟರಿಯ ಮೈನಸ್ ಕಂಬಕ್ಕೆ, ಇನ್ನೊಂದನ್ನು ಮೋಟಾರಿಗೆ ಹೋಗುವ ಅರ್ಥ್ ವೈರಿಗೆ ಹಿಡಿದು, ಹುಡುಗನಿಗೆ ಗುಂಡಿ ತಿರುಗಿಸಲು ಹೇಳಿದೆ. ಸರಿಯಿದ್ದರೆ ಅಲ್ಲಿ 0.2 ವೋಲ್ಟ್‌ಗಿಂತ ಹೆಚ್ಚು ಕಾಣಬಾರದು. 1.3 ಕಂಡಿತು. ಮೋಟಾರಿಗೆ ಹೋಗಬೇಕಾದ ಶಕ್ತಿ ದಾರಿಯಲ್ಲೇ ಸೋರುತ್ತಿತ್ತು. ವೈರನ್ನು ಹಿಡಿದು ಹೋದರೆ ಬ್ಯಾಟರಿಯ ತಟ್ಟೆಯ ಕೆಳಗೆ, ಚಾಸಿಗೆ ಬಿಗಿದಿದ್ದ ಬೋಲ್ಟಿನ ಅಡಿಯಲ್ಲಿ ಹಸಿರು ಕಿಲುಬು. ಹಿಂದೆಂದೋ ಬ್ಯಾಟರಿಯಿಂದ ಸೋರಿದ ಆ್ಯಸಿಡ್ ಅಲ್ಲಿಗೆ ಇಳಿದು ವೈರಿನ ಎಳೆಗಳನ್ನು ತಿಂದಿತ್ತು. ತುದಿ ಕತ್ತರಿಸಿ, ಚಾಸಿಯನ್ನು ಹೊಳೆಯುವಂತೆ ಉಜ್ಜಿ, ಹೊಸ ಲಗ್ ಒತ್ತಿ, ಗ್ರೀಸ್ ಸವರಿ ಬಿಗಿದೆ. ಮತ್ತೆ ಅಳೆದಾಗ 0.05. ಆಮೇಲೆ ಎರಡು ಮಳೆಗಾಲ ಕಳೆದಿದೆ, ದೀಪ ಬಂದಿಲ್ಲ. ಗೋಣಿಚೀಲದಲ್ಲಿದ್ದ ಹಳೆಯ ಮೋಟಾರನ್ನು ಮೇಜಿನ ಮೇಲೆ ಓಡಿಸಿ ನೋಡಿದೆ, ಚೆನ್ನಾಗಿತ್ತು.

ಬರಿಯ ಓಮ್ಸ್ ಅಳತೆ (ವೈರಿನ ತಡೆಯ ಅಳತೆ) ಇಲ್ಲಿ ಮೋಸ ಮಾಡುತ್ತದೆ. ವೈರಿನಲ್ಲಿ ಒಂದೇ ಎಳೆ ಉಳಿದಿದ್ದರೂ ಮೀಟರ್ ಸೊನ್ನೆಯ ಹತ್ತಿರವೇ ತೋರಿಸುತ್ತದೆ. ಒಂದೆಳೆಯ ದಾರ ಬಟ್ಟೆ ಒಣಹಾಕಲು ಸಾಕು, ಬಾವಿಯಿಂದ ಕೊಡ ಎಳೆಯಲು ಸಾಲದು. ಆದ್ದರಿಂದ ಮೋಟಾರ್ ಕೆಲಸ ಮಾಡುತ್ತಿರುವಾಗಲೇ ವೋಲ್ಟೇಜ್ ಅಳೆಯಬೇಕು.

ಮೋಟಾರ್ ನಿಜವಾಗಿಯೂ ಕೆಡುವುದಿಲ್ಲವೇ ಎಂದರೆ, ಕೆಡುತ್ತದೆ. ಅದರೊಳಗೆ ತಾನು ಯಾವ ಸ್ಥಾನದಲ್ಲಿದ್ದೇನೆ ಎಂದು ತಿಳಿಸುವ ಎನ್‌ಕೋಡರ್ ಇರುತ್ತದೆ. ಅದು ಸವೆದರೆ ಗೇರ್ ಸರಿಯಾಗಿ ಬಿದ್ದಿದ್ದರೂ ಕಂಪ್ಯೂಟರಿಗೆ ತಪ್ಪು ಸುದ್ದಿ ಹೋಗುತ್ತದೆ. ವೋಲ್ಟೇಜ್, ಅರ್ಥ್, ವೈರುಗಳನ್ನು ಜೋಡಿಸುವ ಕಪ್ಲರ್ ಮೂರೂ ಸರಿಯಿದ್ದು ಸ್ಥಾನದ ಸಂಕೇತ ಮಾತ್ರ ಜಿಗಿದಾಡುತ್ತಿದ್ದರೆ ಆಗ ಬದಲಿಸಿ.

ಟೈರಿಗೂ ಈ ದೀಪಕ್ಕೂ ಏನು ಸಂಬಂಧ? ಎರಡೇ ಹೊಸ ಟೈರ್ ಹಾಕಿಸಿದ್ದೇನೆ.

ಬಹಳ ಹತ್ತಿರದ ಸಂಬಂಧ. 235/65 ಆರ್ 17 ಟೈರನ್ನೇ ತೆಗೆದುಕೊಳ್ಳಿ. ಹೊಸದಿದ್ದಾಗ ಅದರ ಸುತ್ತಳತೆ ಸುಮಾರು 2316 ಮಿಲಿಮೀಟರ್. ಗೀರಿನ ಆಳ 8 ಮಿಲಿಮೀಟರಿನಿಂದ 3ಕ್ಕೆ ಸವೆದರೆ ಸುತ್ತಳತೆ ಸುಮಾರು 2285ಕ್ಕೆ ಇಳಿಯುತ್ತದೆ. ಹೊಸ ಟೈರ್ ಕಿಲೋಮೀಟರಿಗೆ 432 ಸುತ್ತು ಹಾಕಿದರೆ ಹಳೆಯದು 438 ಸುತ್ತು ಹಾಕಬೇಕು. ಇಲ್ಲಿಂದ ಚಿತ್ರದುರ್ಗಕ್ಕೆ ಹೆದ್ದಾರಿ 48ರಲ್ಲಿ ಹೋಗುವಷ್ಟರಲ್ಲಿ ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನೂರಾರು ಸುತ್ತುಗಳ ವ್ಯತ್ಯಾಸ! ಚಕ್ರ ಜಾರುತ್ತಿದೆ ಎಂದು ಭಾವಿಸಿ ಕಂಪ್ಯೂಟರ್ ಮತ್ತೆ ಮತ್ತೆ ಕ್ಲಚ್ ಹಿಡಿಯುತ್ತದೆ, ಕ್ಲಚ್ ಬಿಸಿಯೇರುತ್ತದೆ, ಕೊನೆಗೆ ಕೈಬಿಟ್ಟು ದೀಪ ಹಚ್ಚುತ್ತದೆ. ಹೆದ್ದಾರಿಯಲ್ಲಿ ಅರ್ಧ ಗಂಟೆ ಓಡಿದ ಮೇಲೆ ಬಂದು, ನಿಲ್ಲಿಸಿ ಚಹಾ ಕುಡಿದು ಬರುವಷ್ಟರಲ್ಲಿ ಹೋಗುವ ದೀಪವಾದರೆ ಮೊದಲು ಟೈರುಗಳನ್ನೇ ಅಳೆಯಿರಿ.

ನಾಲ್ಕೂ ಒಂದೇ ಅಳತೆ, ಒಂದೇ ಮಾದರಿ, ಹೆಚ್ಚುಕಡಿಮೆ ಒಂದೇ ಸವೆತ ಇರಬೇಕು. ಕಾನೂನಿನ ಲೆಕ್ಕದಲ್ಲಿ 1.6 ಮಿಲಿಮೀಟರ್ ಗೀರು ಉಳಿದಿದ್ದರೆ ಸಾಕು, ಆದರೆ ಫೋರ್ ವೀಲ್ ಡ್ರೈವ್ ಕೇಳುವುದು ನಾಲ್ಕೂ ಸಮನಾಗಿವೆಯೇ ಎಂದು. ಪಂಕ್ಚರ್ ಆಗಿ ಹಾಕಿದ ಸ್ಟೆಪ್ನಿಯನ್ನು ತಿಂಗಳುಗಟ್ಟಲೆ ಹಾಗೆಯೇ ಬಿಡಬೇಡಿ.

ಎಬಿಎಸ್ ದೀಪವೂ ಜೊತೆಗೆ ಬರುತ್ತದೆ. ಎರಡು ದೋಷವೇ?

ಬಹುಮಟ್ಟಿಗೆ ಒಂದೇ. ಎಬಿಎಸ್ (ಜೋರಾಗಿ ಬ್ರೇಕ್ ತುಳಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಮತ್ತು ಫೋರ್ ವೀಲ್ ಡ್ರೈವ್ ಎರಡೂ ಅದೇ ನಾಲ್ಕು ಚಕ್ರದ ಸೆನ್ಸರುಗಳ ಮಾತು ಕೇಳುತ್ತವೆ. ಸೆನ್ಸರಿನ ಮುಖಕ್ಕೆ ಕಬ್ಬಿಣದ ಪುಡಿ, ಒಣಗಿದ ಎರೆಮಣ್ಣು ಅಂಟಿದರೆ ಸಂಕೇತ ತಪ್ಪುತ್ತದೆ. ಎರೆಮಣ್ಣು ಒಣಗಿದರೆ ಗಾರೆಯಂತೆ ಗಟ್ಟಿಯಾಗುತ್ತದೆ, ಸುಮ್ಮನೆ ನೀರು ಹೊಡೆದರೆ ಹೋಗುವುದಿಲ್ಲ. ಚಕ್ರ ಬಿಚ್ಚಿ ಒರೆಸಬೇಕು.

ಚಕ್ರದ ಬೇರಿಂಗ್ ಬದಲಿಸಿದ ದಿನದಿಂದಲೇ ದೀಪ ಶುರುವಾಗಿದ್ದರೆ ಅದನ್ನು ತಪ್ಪದೆ ಹೇಳಿ. ಈಗಿನ ಹಲವು ಬೇರಿಂಗುಗಳ ಒಂದು ಬದಿಯ ಸೀಲಿನಲ್ಲೇ ಸೆನ್ಸರಿಗೆ ಬೇಕಾದ ಅಯಸ್ಕಾಂತದ ಉಂಗುರ ಇರುತ್ತದೆ. ಕಣ್ಣಿಗೆ ಎರಡೂ ಬದಿ ಒಂದೇ ರೀತಿ ಕಾಣುತ್ತವೆ. ತಿರುಗಿಸಿ ಒತ್ತಿಬಿಟ್ಟರೆ ಬೇರಿಂಗ್ ನಿಶ್ಶಬ್ದವಾಗಿ ಓಡುತ್ತದೆ, ಸೆನ್ಸರಿಗೆ ಮಾತ್ರ ಏನೂ ಕಾಣುವುದಿಲ್ಲ. ಸೆನ್ಸರ್ ಎಷ್ಟು ಸಲ ಬದಲಿಸಿದರೂ ಆ ದೀಪ ಆರುವುದಿಲ್ಲ.

ಮಳೆಗಾಲದಲ್ಲಿ ಮಾತ್ರ ತೊಂದರೆ. ಬೇಸಿಗೆಯಲ್ಲಿ ಏನೂ ಇಲ್ಲ. ಏಕೆ?

ಎಲ್ಲೋ ನೀರು ಸೇರುತ್ತಿದೆ. 2022ರಲ್ಲಿ ವಾಣಿವಿಲಾಸ ಸಾಗರ 1933ರ ನಂತರ ಮೊದಲ ಬಾರಿಗೆ ಕೋಡಿ ಬಿದ್ದಾಗ ಹಿರಿಯೂರಿನ ಕಡೆಗೆ ನೋಡಲು ಹೋದವರಿಗೆ ಲೆಕ್ಕವಿರಲಿಲ್ಲ. ಆ ಮಳೆಗಾಲದಲ್ಲಿ ಹರಿಯುವ ನೀರಿಗೆ ಇಳಿಸಿದ ಗಾಡಿಗಳು ತಿಂಗಳುಗಳ ನಂತರವೂ ಒಂದೊಂದಾಗಿ ನನ್ನ ಬಳಿ ಬಂದವು. ಆದದ್ದು ಹೀಗೆ: ಓಡಿ ಕಾದಿರುವ ಆಕ್ಸಲ್ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗುತ್ತದೆ. ಆಕ್ಸಲ್‌ಗೆ ಗಾಳಿಯಾಡಲು ಇರುವ ಬ್ರೀದರ್ ಪೈಪ್ ಕಟ್ಟಿಕೊಂಡಿದ್ದರೆ ಆಯಿಲ್ ಸೀಲಿನ ಸಂದಿನಿಂದ, ಪೈಪ್ ಕಳಚಿದ್ದರೆ ಅದರ ಬಾಯಿಂದಲೇ ನೀರು ಒಳಗೆ ಎಳೆದುಕೊಳ್ಳುತ್ತದೆ. ಡ್ರೈನ್ ಬೋಲ್ಟ್ ಬಿಚ್ಚಿದಾಗ ಎಣ್ಣೆ ಹಾಲು ಬೆರೆತ ಚಹಾದ ಬಣ್ಣದಲ್ಲಿದ್ದರೆ ನೀರು ಸೇರಿದೆ ಎಂದೇ ತಿಳಿಯಿರಿ. ಆ ಎಣ್ಣೆಯಲ್ಲಿ ಒಂದು ದಿನವೂ ಓಡಿಸಬೇಡಿ.

ಕಪ್ಲರ್‌ಗಳ ಒಳಗೆ ನಿಂತ ತೇವ ಇನ್ನೊಂದು ಕಾರಣ. ಟ್ರಾನ್ಸ್‌ಫರ್ ಕೇಸಿನ ಮೇಲಿರುವ ಕಪ್ಲರ್ ಬಿಚ್ಚಿ ಒಳಗಿನ ರಬ್ಬರ್ ಸೀಲ್ ಇದೆಯೇ ನೋಡಿ. ವಾಟರ್ ಸರ್ವಿಸ್ ಮಾಡಿಸುವಾಗ ಗಾಡಿಯ ಕೆಳಗೆ ಭಾರೀ ಒತ್ತಡದ ನೀರನ್ನು ಕಪ್ಲರ್‌ಗಳಿಗೆ ನೇರವಾಗಿ ಹೊಡೆಸಬೇಡಿ.

ಬೇಸಿಗೆಯಲ್ಲಿ ಮಾತ್ರ ಕಾಣಿಸಿಕೊಳ್ಳುವ ದೋಷವೂ ಉಂಟು. ಮುಂದಿನ ಆಕ್ಸಲನ್ನು ವ್ಯಾಕ್ಯೂಮ್‌ನಿಂದ ಕೂಡಿಸುವ ಗಾಡಿಗಳಲ್ಲಿ ಸಣ್ಣ ರಬ್ಬರ್ ಪೈಪುಗಳಿರುತ್ತವೆ. ಎಂಜಿನ್ನಿನ ಕಾವಿಗೆ, ನಮ್ಮ ಏಪ್ರಿಲ್ ಬಿಸಿಲಿಗೆ ಅವು ಬಿರಿಯುತ್ತವೆ. ಪೈಪು ಕೆಲವೇ ರೂಪಾಯಿಗಳದ್ದು, ಅದನ್ನು ನೋಡದೆ ಆಕ್ಸಲ್ ಬಿಚ್ಚಿಸಿದವರನ್ನು ಕಂಡು ಹೊಟ್ಟೆ ಉರಿದಿದೆ.

ಇಲಿ ವೈರ್ ಕಡಿದಿರಬಹುದೇ?

ಖಂಡಿತ. ಮೆಕ್ಕೆಜೋಳದ ಗೋದಾಮು, ಅಕ್ಕಿ ಗಿರಣಿ, ಮಂಡಕ್ಕಿ ಭಟ್ಟಿಗಳ ಪಕ್ಕದಲ್ಲಿ ನಿಲ್ಲುವ ಗಾಡಿಗಳಲ್ಲಿ ನಾನು ಮೊದಲು ಹುಡುಕುವುದೇ ಹಲ್ಲಿನ ಗುರುತು. ಪೂರ್ತಿ ಕಡಿದ ವೈರ್ ಬೇಗ ಸಿಗುತ್ತದೆ. ಅರ್ಧ ಕಡಿದದ್ದೇ ವರ್ಷಗಟ್ಟಲೆ ಕಾಡುತ್ತದೆ: ಗಾಡಿ ಅಲುಗಿದಾಗ ತಗಲುತ್ತದೆ, ಬಿಡುತ್ತದೆ. ಎಂಜಿನ್ ಓಡುತ್ತಿರುವಾಗ ವೈರಿಂಗನ್ನು ಒಂದೊಂದು ಗೇಣು ಹಿಡಿದು ಮೆಲ್ಲಗೆ ಅಲುಗಿಸುತ್ತಾ, ಸ್ಕ್ಯಾನರಿನಲ್ಲಿ ಸಂಕೇತ ಕಡಿಯುವ ಜಾಗ ಹುಡುಕಬೇಕು. ತಿರುಗುವ ಫ್ಯಾನು, ಬೆಲ್ಟಿನ ಹತ್ತಿರ ಕೈ ಬೇಡ.

ಮೊಬೈಲಿಗೆ ಜೋಡಿಸುವ ಅಗ್ಗದ ಸ್ಕ್ಯಾನರ್ ಸಾಕೇ?

ಅರ್ಧ ಕೆಲಸಕ್ಕೆ ಸಾಕು. ಅವು ಎಂಜಿನ್ನಿನ ಕೋಡುಗಳನ್ನು ಓದುತ್ತವೆ. ಎಬಿಎಸ್ ಮತ್ತು ಫೋರ್ ವೀಲ್ ಡ್ರೈವ್ ಕಂಪ್ಯೂಟರುಗಳ ಬಾಗಿಲು ಬಹಳಷ್ಟು ಸಲ ಅವಕ್ಕೆ ತೆರೆಯುವುದಿಲ್ಲ. "ಯಾವ ಕೋಡೂ ಇಲ್ಲ" ಎಂದು ಅದು ಹೇಳಿದರೆ ನಂಬಿ ಕೂರಬೇಡಿ. ಸಿಕ್ಕಿದ ಕೋಡನ್ನು ಬರೆದಿಟ್ಟುಕೊಳ್ಳಿ. ಪಿ0562 ಎಂದರೆ ವೋಲ್ಟೇಜ್ ಕಡಿಮೆ. ಸಿ0035 ಮುಂದಿನ ಎಡಚಕ್ರದ ವೇಗದ ಸೆನ್ಸರ್. ಯು0121 ಬಂದರೆ ಎಬಿಎಸ್ ಕಂಪ್ಯೂಟರಿನ ಜೊತೆ ಸಂಪರ್ಕ ಕಡಿದಿದೆ. ಪಿ0836 ಫೋರ್ ವೀಲ್ ಸ್ವಿಚ್ಚಿನ ಸರ್ಕ್ಯೂಟಿಗೆ ಸೇರಿದ್ದು. ಕೋಡ್ ತೋರಿಸುವುದು ಬೀದಿಯನ್ನು, ಮನೆಯನ್ನಲ್ಲ. ಸೆನ್ಸರಿನ ಕೋಡ್ ಬಂತೆಂದರೆ ಸೆನ್ಸರೇ ಕೆಟ್ಟಿದೆ ಎಂದಲ್ಲ, ಅದರ ವೈರೂ ಆಗಿರಬಹುದು.

ಡಾಂಬರು ರಸ್ತೆಯಲ್ಲಿ ಫೋರ್ ಹೈ ಹಾಕಿದ್ದೆ. ಈಗ ಟು ಹೈಗೆ ಬರುತ್ತಿಲ್ಲ, ತಿರುವಿನಲ್ಲಿ ಗಾಡಿ ಜಗ್ಗುತ್ತಿದೆ.

ಇದು ಕೆಟ್ಟದ್ದಲ್ಲ, ಬಿಗಿದುಕೊಂಡದ್ದು. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವುಗಳಿಗಿಂತ ಹೆಚ್ಚು ದೂರ ಉರುಳುತ್ತವೆ. ಬೇಕಾದಾಗ ಹಾಕಿಕೊಳ್ಳುವ ಬಗೆಯಲ್ಲಿ ಎರಡೂ ಆಕ್ಸಲುಗಳು ಗಟ್ಟಿಯಾಗಿ ಜೋಡಿಸಿಕೊಂಡಿರುತ್ತವೆ. ಮಣ್ಣಿನ ಮೇಲಾದರೆ ಟೈರು ಜಾರಿ ವ್ಯತ್ಯಾಸ ಸರಿಹೋಗುತ್ತದೆ. ಒಣ ಡಾಂಬರಿನಲ್ಲಿ ಜಾರಲು ಜಾಗವಿಲ್ಲದೆ ಶಾಫ್ಟುಗಳು ಹಿಂಡಿದ ಬಟ್ಟೆಯಂತೆ ತಿರುಚಿಕೊಳ್ಳುತ್ತವೆ. ಸ್ಟೇರಿಂಗ್ ನೇರ ಮಾಡಿ, ಹಿಂದೆ ಮುಂದೆ ನೋಡಿಕೊಂಡು, ಕೆಲವು ಮೀಟರ್ ನೇರವಾಗಿ ರಿವರ್ಸ್ ಬನ್ನಿ. ಬಿಗಿತ ಸಡಿಲಿಸಿ ಗೇರ್ ಬಿಟ್ಟುಕೊಳ್ಳುತ್ತದೆ. ಚಿತ್ರದುರ್ಗದ ಜೋಗಿಮಟ್ಟಿ ಬೆಟ್ಟದ ತಿರುವುಗಳಲ್ಲಿ ಭದ್ರವಾಗಿರಲಿ ಎಂದು ಒಣ ರಸ್ತೆಯಲ್ಲೇ ಫೋರ್ ಹೈ ಹಾಕುವವರಿದ್ದಾರೆ, ಅದು ಭದ್ರತೆ ಕೊಡುವುದಿಲ್ಲ, ಟೈರು ಮತ್ತು ಶಾಫ್ಟುಗಳನ್ನು ಸವೆಸುತ್ತದೆ.

ವರ್ಷಕ್ಕೊಮ್ಮೆ ಮಾತ್ರ ಫೋರ್ ವೀಲ್ ಬಳಸುತ್ತೇನೆ. ಅದಕ್ಕೇ ಕೆಡುತ್ತಿದೆಯೇ?

ಹೌದು, ಅದೂ ಒಂದು ಕಾರಣ. ಬಳಸದ ಮೋಟಾರು, ಫೋರ್ಕು ಅಂಟಿಕೊಳ್ಳುತ್ತವೆ. ತಿಂಗಳಿಗೊಮ್ಮೆ ಮಣ್ಣಿನ ದಾರಿಯಲ್ಲಿ ಕೆಲವು ಕಿಲೋಮೀಟರ್ ಫೋರ್ ಹೈ ಓಡಿಸಿ.

ಹೊಲದಲ್ಲಿ ಹೂತುಕೊಂಡಿದ್ದೇನೆ, ಫೋರ್ ಲೋ ಬೀಳುತ್ತಿಲ್ಲ. ಈಗ ಏನು ಮಾಡಲಿ?

ಮೊದಲು ಆ್ಯಕ್ಸಲರೇಟರ್ ಬಿಡಿ. ತುಳಿದಷ್ಟೂ ಎರೆಮಣ್ಣು ನುಂಗುತ್ತದೆ. ಎಂಜಿನ್ ಆರಿಸಿ, ಕೀಲಿ ತೆಗೆದು ಐದು ಹತ್ತು ನಿಮಿಷ ಬಿಡಿ. ಮತ್ತೆ ಸ್ಟಾರ್ಟ್ ಮಾಡಿ, ಸ್ಟೇರಿಂಗ್ ನೇರವಿಟ್ಟು, ಬ್ರೇಕ್ ತುಳಿದು, ಗೇರ್ ನ್ಯೂಟ್ರಲ್‌ನಲ್ಲಿಟ್ಟು ಫೋರ್ ಲೋ ಹಾಕಿ ನೋಡಿ. ಗೇರ್ ನ್ಯೂಟ್ರಲ್‌ನಲ್ಲಿ ಇಲ್ಲದಿರುವುದೇ ಎಷ್ಟೋ ಸಲ ಕಾರಣವಾಗಿರುತ್ತದೆ. ಬೀಳದಿದ್ದರೆ ಟೈರಿನ ಗಾಳಿಯನ್ನು ಸುಮಾರು 20 ಪಿಎಸ್‌ಐಗೆ ಇಳಿಸಿ, ಚಕ್ರದ ಮುಂದಿನ ಮಣ್ಣು ಕೆತ್ತಿ ಗೋಣಿಚೀಲ, ಜೋಳದ ದಂಟು, ಅಡಿಕೆ ಸೋಗೆ, ಏನು ಸಿಗುತ್ತದೋ ಅದನ್ನು ತುರುಕಿ ಎರಡನೆಯ ಗೇರಿನಲ್ಲಿ ನಿಧಾನಕ್ಕೆ ಎಳೆಯಿರಿ. ಟ್ರ್ಯಾಕ್ಟರ್ ಕರೆಸಿದರೆ ಹಗ್ಗವನ್ನು ಎಳೆಯುವ ಕೊಕ್ಕೆಗೇ ಕಟ್ಟಿಸಿ, ಬಂಪರಿಗಲ್ಲ. ಎಳೆಯುವಾಗ ಹಗ್ಗದ ಸುತ್ತಮುತ್ತ ಯಾರೂ ನಿಲ್ಲಬಾರದು. ಮಕ್ಕಳನ್ನು ಬದುವಿನ ಮೇಲೆ ದೂರ ಕೂರಿಸಿ. ಟಾರು ರಸ್ತೆ ಸೇರಿದ ಮೇಲೆ ಮತ್ತೆ ಗಾಳಿ ತುಂಬಿಸುವವರೆಗೆ ವೇಗ ಬೇಡ.

ದೀಪ ಉರಿಯುತ್ತಿರುವಾಗ ಕುಟುಂಬದೊಂದಿಗೆ ಬೆಂಗಳೂರಿಗೆ ಹೋಗಬಹುದೇ?

ಫೋರ್ ವೀಲ್ ದೀಪ ಮಾತ್ರ ಇದ್ದು, ಶಬ್ದ, ಜಗ್ಗಾಟ, ವಾಸನೆ ಇಲ್ಲದಿದ್ದರೆ ಎರಡು ಚಕ್ರದ ಬಲದಲ್ಲಿ ಗಾಡಿ ಓಡುತ್ತದೆ. ಎಬಿಎಸ್ ದೀಪವೂ ಇದ್ದರೆ ಬ್ರೇಕ್ ಹಿಡಿಯುತ್ತದೆ, ಆದರೆ ಜೋರಾಗಿ ತುಳಿದಾಗ ಚಕ್ರ ಲಾಕ್ ಆಗುವುದನ್ನು ತಡೆಯುವವರಿಲ್ಲ, ಮಳೆಯಲ್ಲಂತೂ ಹೊರಡಬೇಡಿ. ಕೆಂಪು ಬ್ರೇಕ್ ದೀಪ ಬಂದರೆ ಅಲ್ಲಿಯೇ ನಿಲ್ಲಿಸಿ.

ಫೋರ್ ವೀಲ್ ಸಿಕ್ಕಿಕೊಂಡಿರುವ ಗಾಡಿಯನ್ನು ಟೋ ಮಾಡಿಸುವುದಾದರೆ ನಾಲ್ಕೂ ಚಕ್ರ ನೆಲ ಬಿಟ್ಟಿರುವಂತೆ ಹಾಸುಲಾರಿಯ ಮೇಲೆ ಹೇರಿಸಿ. ಮುಂದಿನ ಚಕ್ರಗಳನ್ನಷ್ಟೇ ಎತ್ತಿ ಎಳೆದರೆ ಟ್ರಾನ್ಸ್‌ಫರ್ ಕೇಸ್ ಒಡೆಯಬಹುದು.

ವಾರಂಟಿ ಇನ್ನೂ ಇದೆ. ಹೊರಗೆ ತೋರಿಸಲೇ?

ಬೇಡ, ಮೊದಲು ಕಂಪನಿಯ ಸರ್ವಿಸ್ ಸೆಂಟರಿನಲ್ಲೇ ತೋರಿಸಿ. ಪ್ರತಿ ಭೇಟಿಯಲ್ಲೂ ದೂರನ್ನು ಜಾಬ್ ಕಾರ್ಡಿನಲ್ಲಿ ಬರೆಸಿ, ಪ್ರತಿ ಇಟ್ಟುಕೊಳ್ಳಿ. ಬಾಯಲ್ಲಿ ಹೇಳಿದ್ದು ವಾರಂಟಿ ಮುಗಿದ ಮರುದಿನ ಯಾರಿಗೂ ನೆನಪಿರುವುದಿಲ್ಲ.

ಗಾಡಿ ತರುವಾಗ ಏನೇನು ತರಬೇಕು?

ಒಂದು ಚೀಟಿ ತನ್ನಿ. ದೀಪ ಬಂದ ದಿನ, ಹೊತ್ತು, ಎಷ್ಟು ಕಿಲೋಮೀಟರ್ ಓಡಿದ ಮೇಲೆ, ಎಷ್ಟು ವೇಗ, ಮಳೆಯೋ ಬಿಸಿಲೋ, ನೇರ ದಾರಿಯೋ ತಿರುವೋ, ಎಸಿ ಹಾಕಿತ್ತೋ ಇಲ್ಲವೋ, ಅದಕ್ಕೂ ಹಿಂದಿನ ವಾರ ಏನು ರಿಪೇರಿ ಆಗಿತ್ತು. ದೀಪದ ಫೋಟೊ ಇದ್ದರೆ ಇನ್ನೂ ಒಳ್ಳೆಯದು. ಮನೆಯಲ್ಲಿ ಗಾಡಿಯನ್ನು ಹೆಚ್ಚು ಓಡಿಸುವವರು ಯಾರೋ ಅವರನ್ನೇ ಕರೆತನ್ನಿ. ಎಷ್ಟೋ ಸಲ ಮನೆಯ ಹೆಣ್ಣುಮಕ್ಕಳು ಹೇಳಿದ ಒಂದು ಮಾತಿನಿಂದ, "ಎಡಕ್ಕೆ ತಿರುಗಿಸಿದಾಗ ಮಾತ್ರ ಬರುತ್ತದೆ ಅಣ್ಣ" ಎಂಬಂಥ ಮಾತಿನಿಂದ, ಅರ್ಧ ದಿನದ ಕೆಲಸ ಹತ್ತು ನಿಮಿಷಕ್ಕೆ ಮುಗಿದಿದೆ. ಬದಲಿಸಿದ ಹಳೆಯ ಬಿಡಿಭಾಗಗಳಿದ್ದರೆ ಅವನ್ನೂ ಹಾಕಿಕೊಂಡು ಬನ್ನಿ. ಸಾಧ್ಯವಾದರೆ ಗಾಡಿಯನ್ನು ಹಿಂದಿನ ಸಂಜೆಯೇ ಬಿಟ್ಟು ಹೋಗಿ. ಬೆಳಿಗ್ಗೆ ಆರು ಗಂಟೆಗೆ, ಎಲ್ಲ ತಣ್ಣಗಿರುವಾಗ, ಮೊದಲ ಸ್ಟಾರ್ಟ್ ಮೀಟರ್ ಹಿಡಿದುಕೊಂಡು ನಾನೇ ಮಾಡಬೇಕು.